ಫ್ರಿಜ್ ಮಾವ ಔಷಧಿ ಕಾಯ್ದದ್ದು

ಫ್ರಿಜ್ ರಿಪೇರಿ ಮಾಡುವ ಅವನು ಬೀದಿಗೆಲ್ಲ ಫ್ರಿಜ್ ಮಾವ. ತಂಗಿಯ ಮಗಳು ‘ಮಾವ’ ಎನ್ನುವುದನ್ನು ಕೇಳಿ ಕೇಳಿ ಜನರೂ ಹಾಗೇ ಶುರುಮಾಡಿದರು. ಈಗ ಅವನ ತಾಯಿಯಾಗುವಷ್ಟು ವಯಸ್ಸಿನ ಮುದುಕಿಯರಿಗೂ ಅವನು ಮಾವನೇ. ಹೆಗಲಿಗೆ ಸಾಮಾನಿನ ಚೀಲ, ಕೈಯಲ್ಲಿ ಫ್ರಿಜ್ಜಿಗೆ ತುಂಬುವ ಗ್ಯಾಸಿನ ಸಿಲಿಂಡರು, ಬಾಯಲ್ಲಿ ಉಪದೇಶ. ಯಾರ ಅಡುಗೆಮನೆಗೆ ಹೋದರೂ ಮೊದಲು ಫ್ರಿಜ್ಜಿನ ಬಾಗಿಲ ರಬ್ಬರ್ ಒತ್ತಿ ನೋಡುವನು, ಆಮೇಲೆ ಒಳಗಿದ್ದದ್ದನ್ನೆಲ್ಲ ಹೊರಗೆಳೆದು ಮನೆಯವರನ್ನು ಬೈಯುವನು.

"ಸೊಪ್ಪನ್ನ ಹಿಂದಿನ ಗೋಡೆಗೆ ಒತ್ತಿ ಇಡ್ತಾರೇನ್ರೀ ಯಾರಾದ್ರೂ? ತಂಪು ಬರೋದೇ ಅಲ್ಲಿಂದ. ಗಟ್ಟಿಯಾಗುತ್ತೆ, ಕರಗಿದ್ಮೇಲೆ ಕೊಳೆಯುತ್ತೆ. ಆಮೇಲೆ ಫ್ರಿಜ್ಜಿಗೆ ಶಾಪ ಹಾಕ್ತೀರಿ."

ರಿಪೇರಿ ಮುಗಿದ ಮೇಲೆ ಮುದುಕಿಯರು "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ" ಎಂದು ಹರಸಿದರೆ, "ಮೊದ್ಲು ನಿಮ್ಮ ಫ್ರಿಜ್ ತಣ್ಣಗಿರ್ಲಿ ಅಜ್ಜಿ" ಎಂದು ಚೀಲ ಎತ್ತಿಕೊಂಡು ಹೊರಡುವನು.

ಮದುವೆ ಆಗಿರಲಿಲ್ಲ. ತಂಗಿಯ ಗಂಡ ಲಾರಿ ಓಡಿಸುತ್ತ ಊರೂರು ಸುತ್ತುವವನಾದ್ದರಿಂದ ಅವಳೂ ಅವಳ ಮಗಳೂ ಇವನ ಮನೆಯಲ್ಲೇ ಇದ್ದರು. ಆ ಹುಡುಗಿಯೇ ಅವನ ಸಂಸಾರ. ಎರಡನೇ ತರಗತಿಯ ಮಗು. ಮೈಮೇಲೆ ನೀಲಿ ಕಲೆಗಳೆದ್ದು, ಜ್ವರ ಬಿಡದೆ ಆಸ್ಪತ್ರೆ ಸೇರಿದಾಗ ಡಾಕ್ಟರಮ್ಮ ರಕ್ತದ ಕ್ಯಾನ್ಸರ್ ಎಂದರು. "ಮಕ್ಕಳಲ್ಲಿ ವಾಸಿಯಾಗೋದೇ ಹೆಚ್ಚು. ಆದ್ರೆ ಯಾವ ಔಷಧಿನೂ ತಪ್ಪಬಾರದು" ಎಂದರು.

ಆ ಔಷಧಿಗಳಲ್ಲಿ ಒಂದು ಕಿಣ್ವ, ಅಸ್ಪ್ಯಾರಾಜಿನೇಸ್ ಅಂತ. ಹೆಸರು ನಾಲಿಗೆಗೆ ಸಿಗದಿದ್ದರೂ ಕೆಲಸ ಅವನಿಗೆ ಚೆನ್ನಾಗಿ ಅರ್ಥವಾಯಿತು. ಮೈಯ ಒಳ್ಳೆಯ ಕಣಗಳು ತಮಗೆ ಬೇಕಾದ ಒಂದು ಆಹಾರವನ್ನು ತಾವೇ ಮಾಡಿಕೊಳ್ಳುತ್ತವಂತೆ. ಕೆಟ್ಟ ಕಣಗಳಿಗೆ ಆ ಅಡುಗೆ ಬರುವುದಿಲ್ಲ, ರಕ್ತದಲ್ಲಿ ಇರುವುದನ್ನೇ ತಿನ್ನಬೇಕು. ಈ ಕಿಣ್ವ ಅದನ್ನು ರಕ್ತದಲ್ಲೇ ಒಡೆದು ಮುಗಿಸಿಬಿಡುತ್ತದೆ, ಅವು ಹಸಿದು ಸಾಯುತ್ತವೆ.

"ಅಂದ್ರೆ ಬಿಟ್ಟಿ ಊಟದವ್ರ ಮುಂದಿಂದ ಎಲೆ ಎತ್ತೋದು!" ಎಂದ ಮಾವ. ಡಾಕ್ಟರಮ್ಮ ನಕ್ಕರು. ತಂಗಿಯೂ ಬಹಳ ದಿನಗಳ ಮೇಲೆ ನಕ್ಕಳು.

ನಗು ಹೆಚ್ಚು ದಿನ ಬಾಳಲಿಲ್ಲ. ಆ ಸೂಜಿ ಕೊಟ್ಟ ಸ್ವಲ್ಪ ಹೊತ್ತಿಗೇ ಮಗುವಿನ ಮೈಯೆಲ್ಲ ದದ್ದು, ತುಟಿ ಊದಿ ಉಸಿರು ಕಟ್ಟಿತು. ಎಲ್ಲರೂ ಓಡಿ ಬಂದು ಉಳಿಸಿಕೊಂಡರು. ಇನ್ನು ಅದು ಬೇಡ, ಅದೇ ಕಿಣ್ವ ಬೇರೆ ರೂಪದಲ್ಲಿ ಬರುತ್ತದೆ, ಅದನ್ನೇ ಕೊಡಬೇಕು ಎಂದರು. ಕೊಡಬೇಕು, ಸರಿ. ಇದ್ದರೆ ತಾನೆ! ಆಸ್ಪತ್ರೆಯಲ್ಲಿ ಇರಲಿಲ್ಲ. ಮಾವ ಮೆಟ್ಟಿಲ ಮೇಲೆ ಕೂತು ಕಂಡ ಕಂಡ ಅಂಗಡಿಗೆಲ್ಲ ಫೋನು ಹಚ್ಚಿದ. ಎಲ್ಲರ ಬಾಯಲ್ಲೂ ಒಂದೇ ಮಂತ್ರ: ಸ್ಟಾಕ್ ಇಲ್ಲ. ಯಾವಾಗ ಬರುತ್ತೆ? ಗೊತ್ತಿಲ್ಲ. ಯಾರಿಗೆ ಗೊತ್ತು? ಅದೂ ಗೊತ್ತಿಲ್ಲ. ಒಬ್ಬ ಇನ್ನೊಬ್ಬನ ನಂಬರ್ ಕೊಟ್ಟ, ಆ ಇನ್ನೊಬ್ಬ ಮೊದಲಿನವನ ನಂಬರನ್ನೇ ವಾಪಸ್ ಕೊಟ್ಟ. ಮಾವನಿಗೆ ಫೋನನ್ನೇ ಕಚ್ಚಿ ತಿನ್ನುವಷ್ಟು ಸಿಟ್ಟು ಬಂತು. ಮನುಷ್ಯನ ಮನೆಯಲ್ಲಿ ಐಸ್‌ಕ್ರೀಮಿಗೆ ಬರಗಾಲವಿಲ್ಲ, ಮಗುವಿನ ಪ್ರಾಣಕ್ಕೆ ಬೇಕಾದದ್ದಕ್ಕೆ ಮಾತ್ರ ಬರಗಾಲ!

ಕೊನೆಗೆ ದೂರದ ಊರಿನ ಗೋದಾಮಿನಲ್ಲಿ ಒಂದೇ ಒಂದು ಸೀಸೆ ಸಿಕ್ಕಿತು. ಅಲ್ಲಾಡಿಸಬಾರದು ಎಂದಿದ್ದರಿಂದ ಐಸ್ ಡಬ್ಬಿಯನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದ. ಆಸ್ಪತ್ರೆಗೆ ಬಂದರೆ ಸಂಜೆಯಾಗಿತ್ತು. "ಹೊರಗಿಂದ ತಂದ ಔಷಧಿ ನಾವು ಇಟ್ಕೊಳ್ಳಲ್ಲ, ಬೆಳಿಗ್ಗೆ ತನ್ನಿ" ಎಂದು ಆಸ್ಪತ್ರೆಯ ಔಷಧಿ ಕಿಟಕಿಯವನು ಬಾಗಿಲೆಳೆದುಕೊಂಡ.

"ಬಿಡ್ಲಿ ಬಿಡು" ಎಂದ ಮಾವ ತಂಗಿಗೆ. "ಇವ್ರ ಫ್ರಿಜ್ ನೋಡಿದ್ದೀನಿ, ರಬ್ಬರೇ ಸರಿಯಿಲ್ಲ. ನನ್ನ ಹತ್ರಾನೇ ಇರ್ಲಿ. ತಂಪಿನ ವಿಷಯದಲ್ಲಿ ನಂಗ್ಯಾರೂ ಹೇಳ್ಕೊಡ್ಬೇಕಾಗಿಲ್ಲ."

ತಣ್ಣೀರನ್ನೂ ಆರಿಸಿ ಕುಡಿಯುವಷ್ಟು ಜಾಗ್ರತೆ ಅವನಿಗೆ ಆ ಸಂಜೆ ಬಂದುಬಿಟ್ಟಿತ್ತು. ತಂಗಿಯನ್ನು ಮಗುವಿನ ಬಳಿ ಬಿಟ್ಟು ಮನೆಗೆ ಬಂದು ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಖಾಲಿ ಮಾಡಿದ. ರಾತ್ರಿ ಬಾಗಿಲು ತೆರೆಯಬಾರದೆಂದು ತನಗೇ ತಾಕೀತು ಮಾಡಿಕೊಂಡ. ಔಷಧಿ ಬೆಚ್ಚಗಾದರೆ ಕೆಟ್ಟಿತು ಎನ್ನುವುದೊಂದೇ ತಲೆಯಲ್ಲಿ. ತಂಪು ಹೆಚ್ಚಿಸುವ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದ. ಎಲ್ಲಕ್ಕಿಂತ ತಂಪಾದ ಜಾಗ ಯಾವುದೆಂದು ಅವನ ಕೈಗೇ ಗೊತ್ತಿತ್ತು; ಕೈ ತಾನಾಗಿ ಹೋಗಿ ಸೀಸೆಯನ್ನು ಅಲ್ಲಿಟ್ಟಿತು.

ಬೆಳಿಗ್ಗೆ ತೆಗೆದು ಓರೆ ಮಾಡಿದರೆ ಒಳಗಿನ ನೀರು ಅಲುಗಲಿಲ್ಲ.

ಮಾವ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ನಿಂತಷ್ಟು ಹೊತ್ತೂ ತನ್ನನ್ನು ತಾನೇ ಕತ್ತೆ, ಕೋಣ ಎಂದು ಬೈದುಕೊಂಡ. ಊರಿಗೆಲ್ಲ ಹೇಳಿದ ಬುದ್ಧಿ ತನಗೇ ಇರಲಿಲ್ಲವಲ್ಲ! ಕೈಬಿಸಿಗೆ ಅದು ಕರಗಿತು. ಬೆಳಕಿಗೆ ಹಿಡಿದರೆ ನಿನ್ನೆಯಂತೆಯೇ ತಿಳಿಯಾಗಿತ್ತು. ಏನೂ ಆಗಿಲ್ಲ ಎಂದುಕೊಂಡ. ಸೊಪ್ಪು ಬೇರೆ, ಔಷಧಿ ಬೇರೆ ಎಂದುಕೊಂಡ. ತಂಗಿಗೆ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಮಗು ಮಂಚದ ಮೇಲೆ ಕೂತು ಸೂಜಿಯ ಭಯಕ್ಕೆ ಗೋಡೆಯ ಕಡೆ ಮುಖ ತಿರುಗಿಸಿತ್ತು. ನರ್ಸ್ ಸೀಸೆಯನ್ನು ಎತ್ತಿ ನೋಡಿ ಕೇಳಿದಳು. "ಇದು ಎಲ್ಲೂ ಗಟ್ಟಿಯಾಗಿರ್ಲಿಲ್ಲ ತಾನೆ? ಒಂದ್ಸಲ ಹೆಪ್ಪುಗಟ್ಟಿದ್ರೆ ಕಿಣ್ವ ಕೆಟ್ಟು ಹೋಗುತ್ತೆ. ಕರಗಿದ್ಮೇಲೆ ನೋಡಿದ್ರೆ ಗೊತ್ತಾಗಲ್ಲ."

ಇಲ್ಲ ಎಂದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಆದರೆ ಮಗುವಿನ ಮೈಗೆ ಕೆಟ್ಟ ಔಷಧಿ ಹೋಗುತ್ತದೆ, ಬಿಟ್ಟಿ ಊಟದವರು ಒಳಗೆ ಆರಾಮಾಗಿ ಉಣ್ಣುತ್ತಿರುತ್ತಾರೆ.

"ಆಗಿತ್ತು ಸಿಸ್ಟರ್. ನಾನೇ ಫ್ರಿಜ್ಜಿನ ಹಿಂದಿನ ಗೋಡೆಗೆ ಒತ್ತಿ ಇಟ್ಬಿಟ್ಟೆ."

ನರ್ಸ್ ಸೀಸೆಯನ್ನು ಪಕ್ಕಕ್ಕೆ ಇಟ್ಟು, ಡಾಕ್ಟರಮ್ಮನಿಗೆ ತಿಳಿಸಲು ಹೋದಳು. ತಂಗಿ ಕೂಗಾಡಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಅವಳು ಮೆಲ್ಲಗೆ ಕೇಳಿದಳು. "ಅಣ್ಣಾ, ಸೊಪ್ಪು ಹಿಂದೆ ಇಡ್ಬೇಡ ಅಂತ ನಂಗೇ ಎಷ್ಟು ಸಲ ಬೈದಿದ್ದೀಯಲ್ಲೋ?"

ಮಾವ ಹೊರಗೆ ಹೋಗಿ ಅದೇ ಮೆಟ್ಟಿಲ ಮೇಲೆ ಕೂತು ಫೋನು ತೆಗೆದ. ಅಷ್ಟರಲ್ಲಿ ಅದೇ ಬಡಿದುಕೊಂಡಿತು. "ಮಾವಾ, ನಮ್ಮ ಫ್ರಿಜ್ ಯಾಕೋ ತಣ್ಣಗಾಗ್ತಿಲ್ಲ..." ಮಾತು ಮುಗಿಯುವ ಮುಂಚೆ ಕತ್ತರಿಸಿ ಗೋದಾಮಿಗೆ ಹಚ್ಚಿದ.

ಬೆನ್ನ ಮೇಲೆ ಏನೋ ಬಂದು ಬಿತ್ತು. ಕೂದಲುದುರಿದ ಪುಟ್ಟ ತಲೆ ಅವನ ಕೆನ್ನೆಗೆ ತಾಗಿತು. ತಾಯಿ ಬಾಗಿಲಲ್ಲಿ ನಿಂತಿದ್ದಳು.

"ಮಾವಾ, ಇವತ್ತು ಸೂಜಿ ಇಲ್ವಂತೆ! ನೀನೇ ಬೇಡ ಅಂದ್ಯಂತಲ್ಲ!" ಮಗು ಅವನ ಕುತ್ತಿಗೆ ತಬ್ಬಿ ಮುತ್ತು ಕೊಟ್ಟಿತು. "ನೀನು ಎಷ್ಟು ಒಳ್ಳೇವ್ನು ಮಾವಾ!"

ಮಾವ ಒಂದು ಕೈಯಿಂದ ಅದನ್ನು ಹಿಡಿದುಕೊಂಡ. ಇನ್ನೊಂದು ಕೈಯ ಫೋನಿನಲ್ಲಿ ಗೋದಾಮಿನವನು ಹೇಳುತ್ತಿದ್ದ, ಸ್ಟಾಕ್ ಇಲ್ಲ, ಅದೊಂದೇ ಇತ್ತು, ಅದನ್ನ ನಿಮಗೇ ಕೊಟ್ವಲ್ಲ.