ಸಮುದ್ರ ಯಾವ ಕಡೆ ಹರಿಯುತ್ತದೆ

ಹುಟ್ಟಿದ್ದು ಸಿರುಗುಪ್ಪದ ಹೊಳೆದಂಡೆಯಲ್ಲಿ, ಕೊಟ್ಟಿದ್ದು ಕುರುಗೋಡಿಗೆ, ದುಡಿದಿದ್ದು ಮಲ್ಪೆಯ ಮೀನುಬಂದರಿನಲ್ಲಿ. ಹೊನ್ನೂರಮ್ಮನ ಬದುಕನ್ನು ಹೀಗೆ ಒಂದೇ ಉಸಿರಿಗೆ ಹೇಳಿ ಮುಗಿಸಬಹುದು. ಆದರೆ ಗಂಡನ ಅಂಗಿಯ ಮಾತು ಬಿಟ್ಟರೆ ಏನೂ ಹೇಳಿದಂತಾಗುವುದಿಲ್ಲ.

ಮಳೆಗಾಲದಲ್ಲಿ ಮಲ್ಪೆಯಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಗಂಡ ಹೆಂಡತಿ ಊರಿಗೆ ಬಂದು ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತಿದ್ದರು. ನಿಷೇಧ ಮುಗಿದದ್ದೇ ತಡ, ಬಳ್ಳಾರಿಗೆ ಹೋಗಿ ಮತ್ತೆ ಕರಾವಳಿಯ ಬಸ್ಸು. ಗಂಡ ಹುಲುಗೇಶ ಬೋಟಿನಲ್ಲಿ ಬಲೆ ಎಳೆಯುತ್ತಿದ್ದ. ಇವಳು ದಡದಲ್ಲಿ ಬಂಗುಡೆ, ಬೂತಾಯಿ ಮೀನು ಆರಿಸಿ ಬುಟ್ಟಿ ತುಂಬುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅಂದವರು ಮೀನಿನ ಲೋಳೆ ಮುಟ್ಟಿದವರಲ್ಲ ಬಿಡಿ. ಇಬ್ಬರೂ ಊರಿಗೆ ಬಂದರೆ ಅತ್ತೆ ಸಾವಂತ್ರಮ್ಮ ಹೊಸ್ತಿಲಲ್ಲೇ ತಡೆಯುತ್ತಿದ್ದಳು. "ಮೊದ್ಲು ಮೈ ತೊಳ್ಕೊಳ್ರಿ, ಮನಿಯೆಲ್ಲ ನಾರತೈತಿ."

ಹೋದ ವರ್ಷ ಬಲೆ ಎಳೆಯುವಾಗ ಹುಲುಗೇಶ ಜಾರಿ ನೀರಿಗೆ ಬಿದ್ದ. ಈಜು ಬಾರದ ಬಯಲುಸೀಮೆಯ ಮನುಷ್ಯ. ಹುಡುಕಲು ಹೋದ ಬೋಟುಗಳು ಬರಿಗೈಲಿ ಬಂದವು.

ಹೊನ್ನೂರಮ್ಮ ಅಳಲಿಲ್ಲ. ಅವಳಿಗೆ ಗೊತ್ತಿದ್ದ ನೀರು ತುಂಗಭದ್ರೆಯದು. ಸಿರುಗುಪ್ಪದಲ್ಲಿ ಹೊಳೆಪಾಲಾದವರಿಗಾಗಿ ಮನೆಯವರು ಕೆಳಗಿನೂರಿನ ದಂಡೆಗೆ ಹೋಗಿ ಕಾಯುತ್ತಾರೆ. ಹೊಳೆ ಇಂದಲ್ಲ ನಾಳೆ ಒಪ್ಪಿಸುತ್ತದೆ. ಬೋಟು ನಡೆಸುವ ತಾಂಡೇಲನನ್ನು ಕೇಳಿದಳು.

"ಅಣ್ಣಾರ, ಇದು ಯಾವ ಕಡಿ ಹರೀತೈತಿ ಹೇಳ್ರಿ. ನಾ ಅಲ್ಲಿ ಹೋಗಿ ಕುಂದ್ರತೀನಿ."

ಆತ ತಲೆ ತಗ್ಗಿಸಿದ. "ಇದು ಹರಿಯುದಿಲ್ಲ ಅಮ್ಮಾ. ಬರ್ತದೆ, ಹೋಗ್ತದೆ, ಅಷ್ಟೇ."

ಆದರೂ ಕೂತಳು. ಬಲೆಯ ತುಂಡು ಬಂತು, ಯಾರದೋ ಒಂಟಿ ಚಪ್ಪಲಿ ಬಂತು. ಅವನು ಬರಲಿಲ್ಲ. ಕೊನೆಗೆ ತಾವಿದ್ದ ರೂಮಿನ ಗೂಟದಲ್ಲಿದ್ದ ಅವನ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಚೀಲ ಬಿಡಿಸಿ ಮೂಸಿದಳು. ಮೀನು, ಬೆವರು, ಬೀಡಿ. ಅವನೆಂದು ಉಳಿದದ್ದು ಅಷ್ಟೇ, ಅದನ್ನು ಯಾರಿಗೂ ಕೊಡಬಾರದೆಂದುಕೊಂಡಳು.

ಹೆಣವಿಲ್ಲದೆ ಮಣ್ಣು ಮಾಡುವುದು ಹೇಗೆ? ಕುರುಗೋಡಿನಲ್ಲಿ ಓಣಿಯ ಹಿರಿಯ ಗವಿಸಿದ್ದಪ್ಪ ದಾರಿ ಹೇಳಿದ. "ಅವನ ಅಂಗೀನ ಅವನು ಅಂತ ತಿಳ್ಕೊಂಡು ಮಣ್ಣು ಮಾಡ್ರಿ. ಜೀವ ಅಲಿಯೋದು ಬ್ಯಾಡ."

ಅವನ ಜೀವ ಅಲೆಯಬಾರದೆಂದು ಹೊನ್ನೂರಮ್ಮ ಚೀಲ ಕೊಟ್ಟಳು. ಬಳೆ ಒಡೆದಾಗಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

ಆದರೆ ಜಳಕ ಮಾಡಿಸದೆ ಹೂಳುವುದುಂಟೆ? ಸಾವಂತ್ರಮ್ಮ ನೀರು ಕಾಯಿಸಿದಳು. ಅಂಗಿಯನ್ನು ಕಲ್ಲಿನ ಮೇಲೆ ಮಲಗಿಸಿ, ಸೀಗೆಪುಡಿ ಹಚ್ಚಿ, ತೋಳು, ಕೊರಳು, ಬೆನ್ನು ತಿಕ್ಕತೊಡಗಿದಳು. "ಎಷ್ಟ ಸಲ ಹೇಳಿದ್ನೋ, ಮೈ ತೊಳ್ಕೊಂಡು ಬಾ ಅಂತ" ಎಂದು ಗೋಳೋ ಎಂದು ಅತ್ತಳು.

"ಬ್ಯಾಡ್ರಿ ಅತ್ತಿ" ಎಂಬ ಮಾತು ಸೊಸೆಯ ಬಾಯಿತನಕ ಬಂತು. ಹೆತ್ತವಳ ಕೈ ಹಿಡಿಯುವುದು ಹೇಗೆ? ಯಾರೋ ಚೊಂಬನ್ನು ಇವಳ ಕೈಗಿತ್ತರು. ನೀರು ಹೊಯ್ದಳು.

ಕುಣಿಯಲ್ಲಿ ಇಡುವ ಮುನ್ನ ಒದ್ದೆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಬರೀ ಸೀಗೆಕಾಯಿ ವಾಸನೆ ಇತ್ತು.