ಖಾಲಿ ಗ್ಯಾಲರಿಯ ಕಾರ್ಯದರ್ಶಿ

ಚಾಮರಾಜಪೇಟೆಯ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ತಮ್ಮ ಅಕ್ಕಿ ಮಂಡಿ ಮಾರಿ ಮೈದಾನಕ್ಕೆ ಗ್ಯಾಲರಿ ಕಟ್ಟಿಸಿದರು. ಮರುವರ್ಷವೇ ತಂಡ ಕೆಳಗಿನ ಡಿವಿಷನ್ನಿಗೆ ಬಿತ್ತು. ಟಿಕೆಟ್ ತೆಗೆದುಹಾಕಿದರೂ ಜನ ಕೇಬಲ್ ಟೀವಿ ಬಿಟ್ಟು ಏಳಲಿಲ್ಲ.

"ಒಂದ್ ಗೋಲ್ ಬೀಳ್ಲಿ, ಬರ್ತಾರೆ" ಎನ್ನುತ್ತ ಅವರು ಪಂಚೆ ಎತ್ತಿಕಟ್ಟಿ, ಮೈದಾನ ಸುತ್ತುತ್ತ ನಾಲ್ಕೂ ಕಡೆಯಿಂದ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ರೇಗುತ್ತಿತ್ತು. "ಸಾಕು, ಕೂತ್ಕೊಳ್ಳಿ ಸಾರ್" ಎಂದರೆ, "ಆಡೋ ಹುಡುಗ್ರಿಗೆ ಖಾಲಿ ಅನ್ನಿಸ್ಬಾರ್ದು ಕಣಯ್ಯ" ಎನ್ನುವರು.

ಕೊನೆಯ ಪಂದ್ಯದಲ್ಲಿ ನಮ್ಮವರದೊಂದು ಗೋಲು ಬಿತ್ತು. ಹುಡುಗರು ಹಳೆಯ ಅಭ್ಯಾಸದಂತೆ ಕೈಯೆತ್ತಿಕೊಂಡು ಗ್ಯಾಲರಿಯತ್ತ ಓಡಿದರು. ಅಲ್ಲಿ ಯಾರೂ ಇರಲಿಲ್ಲ. ನಾನೂ ಕಾರ್ಯದರ್ಶಿಯೂ ಎದುರು ಬದಿಯಲ್ಲಿದ್ದೆವು.

"ಬಂದೆ ಕಣ್ರೋ, ಬಂದೆ!" ಎಂದು ಕೂಗುತ್ತ ಅವರು ಓಡಿದರು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಷ್ಟರಲ್ಲಿ ಹುಡುಗರು ಕೈ ಇಳಿಸಿ ಹಿಂತಿರುಗಿದ್ದರು. ಕಾರ್ಯದರ್ಶಿ ಆ ಹುಡುಗರ ಬೆನ್ನಿಗೇ ಚಪ್ಪಾಳೆ ತಟ್ಟಿದರು.