ಖರನಾ ಖೀರಿನ ಹತ್ತನೆಯ ತುತ್ತು

ಬತಾಸೋ ದೇವಿಯ ಹಟ ಸಮಸ್ತೀಪುರದ ಆ ಓಣಿಗೆಲ್ಲ ಗೊತ್ತು. ಇಪ್ಪತ್ತೆಂಟು ವರ್ಷದಿಂದ ಸೂರ್ಯದೇವರ ಛಠ್ ವ್ರತ ಹಿಡಿದವಳು. ನಿಯಮ ಅಂದರೆ ನಿಯಮ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ವ್ರತದ ಎರಡನೆಯ ದಿನ, ಅಂದರೆ ಖರನಾ ಸಂಜೆ, ಬಾಗಿಲು ಮುಚ್ಚಿಕೊಂಡು ಬೆಲ್ಲದ ಖೀರು ಉಣ್ಣುವಾಗ ಹೊರಗೆ ಯಾರಾದರೂ ಕೂಗಿದರೆ, ಬಾಯಿಗೊಂದು ಹರಳು ಸಿಕ್ಕರೆ, ಅಲ್ಲಿಗೇ ಊಟ ಮುಗಿಯಿತು. ಆಮೇಲೆ ಮೂವತ್ತಾರು ಗಂಟೆ ಹನಿ ನೀರೂ ಇಲ್ಲ. ಹೋದ ವರ್ಷ ಯಾವನೋ ಪುಣ್ಯಾತ್ಮ ಸೈಕಲ್ ಗಂಟೆ ಬಾರಿಸಿದ. ಮೂರು ತುತ್ತಿಗೇ ಎದ್ದುಬಿಟ್ಟಳು. ಕೊನೆಗೆ ಅರ್ಘ್ಯ ಕೊಡುವಾಗ ನದಿಯಲ್ಲೇ ಕುಸಿದಳು.

ಈ ಸಲ ಮೈಯಲ್ಲಿ ರಕ್ತವೇ ಇಲ್ಲ ಎಂದು ನರ್ಸು ಬೈದಿದ್ದಳು. ಸೊಸೆ ಪುತುಲ್, ಅತ್ತೆಯ ಬಾಯಲ್ಲಿ 'ಕನಿಯಾ', ಅಂಗನವಾಡಿಯವಳು, ಸುಮ್ಮನಿರಲಾಗಲಿಲ್ಲ.

"ಈ ವರ್ಷ ವ್ರತ ಬೇಡ ಅಮ್ಮಾ."

"ನಿನ್ನ ಪಾಠ ಬಸುರಿಯರಿಗೆ ಹೇಳು ಕನಿಯಾ, ನಂಗಲ್ಲ."

ಇನ್ನೇನು ಮಾಡಿಯಾಳು ಪಾಪ? ಎರಡು ಸೇರು ಹಾಲನ್ನು ಒಂದಾಗುವ ತನಕ ಬತ್ತಿಸಿದಳು. ಹಾಲಿನ ಸತ್ವ, ಅಕ್ಕಿಯ ಬಲ, ಬೆಲ್ಲದ ಕಸುವು, ಮೂರೂ ಹೊಟ್ಟೆಗಿಳಿಯಬೇಕು. ಬಟ್ಟಲು ಪೂರ್ತಿ ಉಂಡರೆ ಮಾತ್ರ ಈ ಜೀವ ತಡೆದೀತು.

ಅಂಗಳದಲ್ಲಿ ಕೂತಿದ್ದ ನೆರೆಮನೆಯ ಬುಧನೀ ಕಾಕಿ ಕುಟುಕಿದಳು. "ಅಕ್ಕಿ ಆರಿಸಿದ್ದು ನೀನು ತಾನೆ? ಏನಾದ್ರೂ ಆದ್ರೆ ನಿನ್ನ ತಲೆಗೇ ಬರೋದು, ನೆನಪಿರ್ಲಿ."

ಬಾಗಿಲು ಮುಚ್ಚಿತು. ಓಣಿಯ ನಾಯಿಯನ್ನು ಆಗಲೇ ದೂರ ಅಟ್ಟಿದ್ದರು, ಫೋನುಗಳೆಲ್ಲ ಬಂದ್. ಪುತುಲ್ ಬಾಗಿಲ ಸಂದಿಗೆ ಕಣ್ಣಿಟ್ಟು ಎಣಿಸುತ್ತಿದ್ದಳು. ಏಳು. ಎಂಟು. ಒಂಬತ್ತು. ಬಟ್ಟಲು ಇನ್ನೂ ಅರ್ಧ ತುಂಬಿತ್ತು.

ಹತ್ತನೆಯ ತುತ್ತಿಗೆ ಕಟಕ್ ಎಂದಿತು.

ಅತ್ತೆಯ ದವಡೆ ನಿಂತಿತು. ಮುಗಿಯಿತು, ಇನ್ನು ಏಳುತ್ತಾಳೆ, ನಾನೇ ಇವಳನ್ನು ಕೊಂದೆ ಎಂದುಕೊಂಡಳು ಪುತುಲ್. ಬತಾಸೋ ತಲೆಯೆತ್ತಿ ಬಾಗಿಲ ಸಂದಿಯನ್ನೇ ನೋಡಿದಳು. ಹೊರಗೆ ಬುಧನೀ ಕಾಕಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಒಳಗೆ ಮುದುಕಿ ಕಣ್ಣು ಮುಚ್ಚಿ ಗಟಕ್ಕನೆ ನುಂಗಿದಳು. ಹನ್ನೊಂದನೆಯ ತುತ್ತಿಗೆ ಕೈ ಹಾಕಿದಳು. ಪ್ರಸಾದಕ್ಕೆ ತಳದಲ್ಲಿ ಇಷ್ಟು ಉಳಿಸಿ, ಮಿಕ್ಕಿದ್ದೆಲ್ಲ ಉಂಡಳು.

ಬಾಗಿಲು ತೆರೆದ ಕೂಡಲೇ ಕಾಕಿ ಮುಂದೆ ಬಂದಳು. "ಏನೂ ಅಡ್ಡಿ ಆಗ್ಲಿಲ್ವಾ?"

"ನನ್ನ ಸೊಸೆ ಆರಿಸಿದ ಅಕ್ಕಿ. ಏನಾಗುತ್ತೆ?"

ಪುತುಲ್ ಅತ್ತೆಯ ಕಾಲಿಗೆ ಬಿದ್ದವಳು ಏಳಲೇ ಇಲ್ಲ. ಅಳು ಒತ್ತರಿಸಿ ಬರುತ್ತಿತ್ತು. "ಅಮ್ಮಾ, ನಿಮ್ಮ ವ್ರತ..."

ಬತಾಸೋ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು. "ಬಾಯ್ಮುಚ್ಚು. ಸೂರ್ಯದೇವರಿಗೆ ಉತ್ತರ ನಾನು ಕೊಟ್ಕೋತೀನಿ. ಈ ಓಣಿಗೆ ಉತ್ತರ ಕೊಡೋಕೆ ನಿನ್ನ ಕೈಲಾಗಲ್ಲ."